ಮರದ ಜಾಗದಲ್ಲಿ ನಿಂತವರು

ಆ ಊರಿನ ಸುತ್ತ ಮರಗಳದೊಂದು ಬಳೆಯಿತ್ತು. ಬಳೆಯ ಒಳಗೆ ಊರು, ಹೊರಗೆ ಮರಳು, ಮರಳಿನ ಮೇಲೆ ಗಾಳಿ. ಗಾಳಿ ಎಡೆಬಿಡದೆ ಬಳೆಯ ಹೊರಗೆ ಸುತ್ತುತ್ತಿತ್ತು. ಒಂದು ಮರ ಕಡಿಮೆಯಾದರೂ ಸಾಕು, ಆ ಕಂಡಿಯಿಂದ ನುಗ್ಗುತ್ತಿತ್ತು. ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲ. ಹೊರಗಿನ ಮರಳನ್ನು ಹೊತ್ತು ತಂದು ಯಾವುದೋ ಒಂದು ಬಾವಿಗೆ ಸುರಿದು, ಬಂದ ದಾರಿಯಲ್ಲೇ ಹೊರಟುಹೋಗುತ್ತಿತ್ತು. ಯಾರ ಬಾವಿಗೆ ಎಂದು ಮೊದಲೇ ಹೇಳಬಲ್ಲವರು ಯಾರೂ ಇರಲಿಲ್ಲ.

ಹಾಗಾಗಿ ಊರಿಗೆ ಒಂದೇ ಕಟ್ಟಳೆ. ಬಳೆಯ ಮರವನ್ನು ಯಾರು ಬೇಕಾದರೂ ಕಡಿಯಬಹುದು. ಕಡಿದವರು ಬುಡದಲ್ಲಿ ಒಂದು ಸಸಿ ನೆಡಬೇಕು. ಸಸಿ ತಮ್ಮ ಭುಜದ ಎತ್ತರಕ್ಕೆ ಬರುವ ತನಕ ಮರದ ಜಾಗದಲ್ಲಿ ತಾವು ನಿಲ್ಲಬೇಕು. ಕೂರಬಹುದು, ಮಲಗಬಹುದು, ಉಣ್ಣಬಹುದು. ಬುಡದ ಸುತ್ತಲಿನ ಮೂರು ಹೆಜ್ಜೆಯ ನೆಲ ಬಿಟ್ಟು ಆಚೆ ಕಾಲಿಡುವಂತಿಲ್ಲ. ಅಲ್ಲಿ ಮನುಷ್ಯರು ಇರುವಷ್ಟು ಹೊತ್ತೂ ಗಾಳಿ ಅದನ್ನು ಮರವೆಂದೇ ನಂಬುತ್ತಿತ್ತು.

ಹಿಂದೆ ಈ ಕಟ್ಟಳೆಗೆ ಹೆದರಿ ಜನ ಮರ ಕಡಿಯುತ್ತಲೇ ಇರಲಿಲ್ಲ. ಆಮೇಲೆ ಸಂಘ ಬಂತು.

ಸಂಘ ಹುಟ್ಟಿದ್ದು ಕರುಣೆಯಿಂದ. ಒಬ್ಬಳು ಮುದುಕಿಯ ಮನೆಯ ತೊಲೆ ಮುರಿದುಬಿದ್ದಿತ್ತು. ಬೇರೆ ದಾರಿ ಕಾಣದೆ ಅವಳು ಒಂದು ಮರ ಕಡಿಸಿದಳು, ಕೋಲೂರಿಕೊಂಡು ಬಂದು ಅದರ ಜಾಗದಲ್ಲಿ ನಿಂತಳು. ಮೂರನೆಯ ದಿನ ಬಿಸಿಲಿಗೆ ಅವಳ ಕಾಲು ಊದಿತು. ಅದನ್ನು ನೋಡಲಾರದೆ ಏಳು ಜನ ಮುಂದೆ ಬಂದು, "ಅಜ್ಜೀ, ನೀನು ಮನೆಗೆ ಹೋಗು, ನಾವು ಸರದಿಯ ಮೇಲೆ ನಿಲ್ತೀವಿ" ಅಂದರು. ಊರು ಕಣ್ಣೊರೆಸಿಕೊಂಡಿತು. ಆ ಏಳು ಜನರಲ್ಲಿ ಎಲ್ಲರಿಗಿಂತ ಚಿಕ್ಕವಳು, ಆಗಿನ್ನೂ ಇಪ್ಪತ್ತು ತುಂಬದವಳು, ಯಾರ ಸರದಿ ಯಾವಾಗ ಎಂದು ನೆನಪಿಟ್ಟುಕೊಂಡು ಕರೆಯುವ ಕೆಲಸ ಹಿಡಿದಳು. ಅಂದಿನಿಂದ ಅವಳ ಹೆಸರು ಬಿದ್ದುಹೋಗಿ ಊರಿಗೆಲ್ಲ ಅವಳು ಸರದಿಯಕ್ಕ ಆದಳು.

ಇಪ್ಪತ್ತು ವರ್ಷ ಕಳೆಯಿತು. ಒಂದಿದ್ದ ಜಾಗ ನೂರಾ ಹನ್ನೆರಡಾಯಿತು. ಸರದಿಯಕ್ಕ ಬೆಳಗಾಗುತ್ತಲೇ ಸೊಂಟದಲ್ಲಿ ನೀರಿನ ಕೊಡ ಇಟ್ಟುಕೊಂಡು ಬಳೆಯ ಉದ್ದಕ್ಕೂ ನಡೆಯುತ್ತಿದ್ದಳು. ಒಂದೊಂದು ಜಾಗದಲ್ಲೂ ನಿಂತು ಕೇಳುತ್ತಿದ್ದಳು:

"ಯಾರು ಬಿಡ್ತೀರಿ?"

"ನಾನು ಬಿಟ್ಟೆ."

"ಯಾರು ನಿಲ್ತೀರಿ?"

"ನಾನು ನಿಂತೆ."

ಒಬ್ಬರ ಕಾಲು ಎದ್ದಲ್ಲಿ ಇನ್ನೊಬ್ಬರ ಕಾಲು. ಒಬ್ಬರ ಬೆವರು ಬಿದ್ದಲ್ಲಿ ಇನ್ನೊಬ್ಬರ ಬೆವರು. ದಿನಕ್ಕೆ ನಾಲ್ಕು ಸಲ, ನೂರಾ ಹನ್ನೆರಡು ಜಾಗ. ಹೊರಗೆ ಗಾಳಿ ಅವಳ ಜೊತೆಜೊತೆಗೇ ನಡೆಯುತ್ತಿತ್ತು. ಅವಳು ನಿಂತರೆ ನಿಲ್ಲುತ್ತಿತ್ತು, ಹೊರಟರೆ ಹೊರಡುತ್ತಿತ್ತು.

ಇತ್ತೀಚೆಗೆ ಅವಳಿಗೆ ಒಂದು ಕಡೆ ಕೂತು ಉಣ್ಣಲಾಗುತ್ತಿರಲಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತ ಉಣ್ಣುತ್ತಿದ್ದಳು. ಯಾಕೆ ಎಂದು ಅವಳಿಗೂ ತಿಳಿಯದು. ಎಲ್ಲವೂ ಸರಿಯಾಗಿತ್ತು. ಊರಿನ ಜನ ಸಂಘದವರನ್ನು ಕಂಡರೆ ಕೈಮುಗಿಯುತ್ತಿದ್ದರು. ಆದರೂ ಎಲ್ಲಿಯೋ ಒಲೆಯ ಮೇಲೆ ಏನನ್ನೋ ಇಟ್ಟು ಮರೆತು ಬಂದವಳ ಹಾಗೆ ಅವಳ ಜೀವ ಚಡಪಡಿಸುತ್ತಿತ್ತು.

ಆ ಚಡಪಡಿಕೆಗೆ ಕಾರಣ ಅವಳಿಗೆ ಗೊತ್ತಾಗಿದ್ದು ಕುಂಬಾರನಿಂದ.

ಎರಡು ವರ್ಷದ ಹಿಂದೆ ಕುಂಬಾರ ಆವಿಗೆಗೆ ಸೌದೆ ಬೇಕೆಂದು ಒಂದು ಮರ ಕಡಿದಿದ್ದ. ಸಂಘದವರು ನಿಲ್ಲಲು ಹೋದರೆ ಒಪ್ಪಿರಲಿಲ್ಲ. "ಕಡಿದವನು ನಾನು, ನಿಲ್ಲೋನೂ ನಾನೇ. ನಿಮ್ಮ ಋಣ ನಂಗೆ ಬೇಡ" ಎಂದು ಮೂರು ಹೆಜ್ಜೆಯ ನೆಲದಲ್ಲೇ ತಿಗರಿ ಹೂಡಿಕೊಂಡು ಮಡಕೆ ಮಾಡುತ್ತ ಕೂತಿದ್ದ. ಹೆಂಡತಿ ಮಣ್ಣು ತಂದು ಹಾಕುತ್ತಿದ್ದಳು, ಆದ ಮಡಕೆ ಒಯ್ಯುತ್ತಿದ್ದಳು. ಮೊಂಡು ಮನುಷ್ಯ ಎಂದು ಊರು ನಗುತ್ತಿತ್ತು.

ಒಂದು ಬೆಳಗ್ಗೆ ಸರದಿಯಕ್ಕ ಅಲ್ಲಿಗೆ ಬಂದಾಗ ಕುಂಬಾರ ತಿಗರಿಯನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ. ಅವನ ಪಕ್ಕದಲ್ಲಿ ಸಸಿ ನಿಂತಿತ್ತು. ಅವನ ಭುಜಕ್ಕೆ ಬಂದಿತ್ತು.

ಅವಳು ಕೊಡ ಕೆಳಗಿಟ್ಟಳು. ಪಕ್ಕದ ಜಾಗವನ್ನು ನೋಡಿದಳು. ಅಲ್ಲಿ ಸಂಘ ಹತ್ತು ವರ್ಷದಿಂದ ನಿಂತಿತ್ತು. ಸಸಿ ಒಂದು ಗೇಣಿತ್ತು. ಅದರಾಚೆಯದು ಅಂಗೈಯಷ್ಟಿತ್ತು. ಅದೇ ಮಣ್ಣು, ಅದೇ ಮಳೆ, ಅದೇ ಬಿಸಿಲು.

"ಏನು ಹಾಕಿದೆಯಪ್ಪಾ ಇದಕ್ಕೆ?"

"ಏನ್ ಹಾಕ್ಲಿ? ಎಲ್ಲರೂ ಹಾಕೋದೇ. ನೀರು, ಗೊಬ್ಬರ."

"ಹಾಗಾದ್ರೆ ನಮ್ಮವು ಯಾಕೆ ಹೀಗೆ?"

ಕುಂಬಾರ ಪಕ್ಕದ ಜಾಗದ ಕಡೆ ನೋಡಿದ. ಅಲ್ಲಿ ಸಂಘದ ಒಬ್ಬ ಒಳ್ಳೆಯ ಮನುಷ್ಯ ಸಸಿಗೆ ಬೆನ್ನು ಹಾಕಿ, ಸೂರ್ಯ ಎಷ್ಟು ಮೇಲೇರಿದ ಎಂದು ಹಣೆಗೆ ಕೈಹಚ್ಚಿ ನೋಡುತ್ತಿದ್ದ.

"ಅಕ್ಕಾ, ತಪ್ಪು ತಿಳೀಬೇಡ," ಅಂದ ಕುಂಬಾರ. "ನಿಮ್ಮೋರು ಸರದಿ ಮುಗಿದ್ರೆ ಮನೆಗೆ ಹೋಗ್ತಾರೆ. ನಂಗೆ ಮನೆಗೆ ಹೋಗ್ಬೇಕಿದ್ರೆ ಇದು ಬೆಳೀಲೇಬೇಕಿತ್ತು. ಒಂದೊಂದು ಎಲೆ ಬಂದಾಗ್ಲೂ ಎಣಿಸಿದೀನಿ. ಹುಳ ಬಿದ್ರೆ ಕಣ್ಣಿಗೆ ನಿದ್ದೆ ಬರ್ತಿರ್ಲಿಲ್ಲ. ಬೈದಿದೀನಿ, ಕಾಲು ಹಿಡಿದಿದೀನಿ. ನನ್ನ ತಳಮಳ ತಿಂದೇ ಬೆಳೀತು ಅನ್ಸುತ್ತೆ, ಮುಂಡೇದು."

ಸಸಿಯ ತಲೆ ಸವರಿ, ಮೂರು ಹೆಜ್ಜೆಯ ನೆಲ ದಾಟಿ, ಅವನು ತಿರುಗಿ ನೋಡದೆ ಮನೆಯ ಕಡೆ ಓಡಿದ. ಬೆನ್ನಿನ ಮೇಲೆ ತಿಗರಿ ಕುಣಿಯುತ್ತಿತ್ತು.

ಸರದಿಯಕ್ಕ ಆ ದಿನ ನೂರಾ ಹನ್ನೆರಡು ಸಸಿಗಳನ್ನೂ ಬಗ್ಗಿ ನೋಡಿದಳು. ಇಪ್ಪತ್ತು ವರ್ಷದಲ್ಲಿ ಒಂದೂ ಅವಳ ಮೊಣಕಾಲು ದಾಟಿರಲಿಲ್ಲ. ಇಷ್ಟು ವರ್ಷ ಅವಳು ನಿಂತವರ ಮುಖ ನೋಡಿದ್ದಳೇ ಹೊರತು ಅವರ ಕಾಲ ಬಳಿ ನೋಡಿರಲಿಲ್ಲ.

ಅದೇ ವಾರ ಊರ ಯಜಮಾನರು, ಎಲ್ಲರೂ ಹಿರಿಯರೆಂದೇ ಕರೆಯುವವರು, ಸಂಘಕ್ಕೆ ಸನ್ಮಾನ ಮಾಡಿದರು. ಎಲ್ಲರಿಗೂ ಶಾಲು ಹೊದೆಸಿದರು. ಹಿರಿಯರು ಮಾತು ಬಲ್ಲವರು. "ಇವರು ನಿಂತಿದ್ದಾರೆ, ಅದಕ್ಕೇ ನಾವು ಕೂತಿದ್ದೇವೆ" ಅಂದರು. ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಅವರು, ಸಂಘಕ್ಕೆ ಊರಿನ ಕಾಣಿಕೆಯಾಗಿ ಒಂದು ದೊಡ್ಡ ಮನೆ ಕಟ್ಟಿಸಿಕೊಡುವುದಾಗಿ ಹೇಳಿದರು. ಹನ್ನೆರಡು ಕಂಬದ ಮನೆ. ಕಂಬಗಳಿಗೆ ಪಡುವಣ ದಿಕ್ಕಿನ ಹನ್ನೆರಡು ಮರಗಳನ್ನು ಬಡಗಿ ಆಗಲೇ ಸುಣ್ಣದಿಂದ ಗುರುತು ಮಾಡಿದ್ದ. ಬಳೆಯಲ್ಲೇ ಹಳೆಯ ಮರಗಳು ಅವು. ಗಾಳಿ ಎಲ್ಲಕ್ಕಿಂತ ಜೋರಾಗಿ ಹೆಗಲು ಕೊಟ್ಟು ತಳ್ಳುತ್ತಿದ್ದುದೂ ಅಲ್ಲೇ.

ಆ ಸಂಜೆ ಸಂಘ ಸೇರಿತು. ಕಾರ್ಯದರ್ಶಿಗೆ ಸಂತೋಷ ತಡೆಯಲಾಗಲಿಲ್ಲ. ಮೊದಲ ಏಳು ಜನರಲ್ಲಿ ಅವನೂ ಒಬ್ಬ. ಇಪ್ಪತ್ತು ವರ್ಷ ಬಿಸಿಲಲ್ಲಿ ನಿಂತು ಕಪ್ಪಾದವನು.

"ನಮ್ಮದು ಅಂತ ಒಂದು ಸೂರು! ಹನ್ನೆರಡು ಜಾಗಕ್ಕೆ ನಲವತ್ತೆಂಟು ಜನ ಬೇಕು, ಅಷ್ಟೇ. ನಾಳೆಯಿಂದಲೇ ಮನೆಮನೆಗೆ ಹೋಗೋಣ."

"ಬೇಡ," ಅಂದಳು ಸರದಿಯಕ್ಕ.

"ಏನು ಬೇಡ?"

"ಆ ಮನೆ ಬೇಡ. ನಾವು ನಿಲ್ಲೋದೂ ಬೇಡ."

ಎಲ್ಲರೂ ತಿರುಗಿ ನೋಡಿದರು. ಅವಳು ಕುಂಬಾರನ ಸಸಿಯ ಮಾತು ಹೇಳಿದಳು, ತಮ್ಮ ಸಸಿಗಳ ಮಾತು ಹೇಳಿದಳು. ಹೇಳುವಾಗಲೂ ಅವಳಿಗೆ ಕೂರಲಾಗಲಿಲ್ಲ, ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು.

"ಸುಮ್ನೆ ಒಂದು ಕಡೆ ನಿಂತು ಮಾತಾಡು," ಅಂದ ಕಾರ್ಯದರ್ಶಿ. "ನಾವು ನಿಲ್ಲದೆ ಹೋದ್ರೆ ಊರು ಉಳಿಯುತ್ತಾ?"

"ನಾವು ನಿಲ್ತೀವಿ ಅನ್ನೋ ಧೈರ್ಯದ ಮೇಲೇ ಅಲ್ವಾ ಊರು ಕಡೀತಿರೋದು? ಅಜ್ಜಿಯ ತೊಲೆಗೆ ನಿಂತ್ವಿ, ಸರಿ. ಆಮೇಲೆ ಯಾರ್ಯಾರಿಗೆ ನಿಂತಿದೀವಿ ನೆನಪಿದೆಯಾ? ಮಂಚಕ್ಕೆ ನಿಂತಿದೀವಿ. ಮಂಚದ ಕಾಲು ಚೆನ್ನಾಗಿಲ್ಲ ಅಂತ ಇನ್ನೊಂದು ಮಂಚ ಮಾಡಿಸಿದ್ರು, ಅದಕ್ಕೂ ನಿಂತಿದೀವಿ."

ಕಾರ್ಯದರ್ಶಿಯ ಮುಖ ಸಣ್ಣದಾಯಿತು. ಅವನು ಮೆಲ್ಲಗೆ ಕೇಳಿದ, "ಹಾಗಾದ್ರೆ ಇಪ್ಪತ್ತು ವರ್ಷ ನಾನು ನಿಂತಿದ್ದು?"

ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದವಳು ಅಲ್ಲೇ ನಿಂತಳು.

ಮಾರನೆಯ ದಿನ ಅವಳು ಹಿರಿಯರ ಮನೆಗೆ ಹೋದಳು. ಹಿರಿಯರು ತೂಗುಮಂಚದ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಎಂಟು ವರ್ಷದ ಹಿಂದೆ ಬಳೆಯ ಮರ ಕಡಿಸಿ ಮಾಡಿಸಿದ ಮಂಚ.

"ಬಾ ತಾಯಿ, ಏನು ಬಂದೆ?"

"ನಾಳೆ ಬೆಳಗ್ಗೆ ನಿಮ್ಮ ಮರದ ಜಾಗದಲ್ಲಿ ನಿಮ್ಮ ಸರದಿ. ಕರೆಯೋಕೆ ಬಂದೆ."

ಹಿರಿಯರು ನಕ್ಕರು. ಕೆಟ್ಟ ನಗೆಯಲ್ಲ ಅದು, ಅಕ್ಕರೆಯ ನಗೆ. "ನಂಗೆ ಸರದಿನಾ? ನೀವಿದ್ದೀರಲ್ಲ ತಾಯಿ ಅದಕ್ಕೆ."

"ನಾಳೆಯಿಂದ ಆ ಜಾಗಕ್ಕೆ ನಾವಿರಲ್ಲ."

ತೂಗುಮಂಚ ಒಂದು ಸಲ ಹಿಂದೆ ಹೋಗಿ ಮುಂದೆ ಬಂತು. "ಹೋಗು, ಮನೆಗೆ ಹೋಗಿ ಒಂದು ಲೋಟ ಮಜ್ಜಿಗೆ ಕುಡಿದು ಮಲಕ್ಕೋ. ತುಂಬಾ ದಣಿದಿದೀಯ," ಅಂದರು ಹಿರಿಯರು.

ಮರುದಿನ ಬೆಳಗ್ಗೆ ಹಿರಿಯರ ಮರದ ಜಾಗದಲ್ಲಿ ಶಾಲೆಯ ಮೇಷ್ಟ್ರು ನಿಂತಿದ್ದರು. ಸರದಿಯಕ್ಕ ಬಂದು ಕೇಳಿದಳು: "ಯಾರು ಬಿಡ್ತೀರಿ?"

"ನಾನು ಬಿಟ್ಟೆ," ಅಂದರು ಮೇಷ್ಟ್ರು. ಮುಂದಿನ ಮಾತಿಗಾಗಿ ಕಾದರು. ಅದು ಬರಲಿಲ್ಲ. "ಅಕ್ಕಾ, ನನ್ನ ಬದಲಿಗೆ ಯಾರು?"

"ನೀವು ಹೊರಡಿ ಮೇಷ್ಟ್ರೇ. ಇಲ್ಲಿಗೆ ಸಂಘದವರು ಯಾರೂ ಬರಲ್ಲ."

"ಗಾಳಿ?"

"ಹಿರಿಯರಿಗೆ ಹೇಳಿ ಬಂದಿದೀನಿ. ಬರ್ತಾರೆ."

ಮೇಷ್ಟ್ರು ಬಹಳ ಹೊತ್ತು ಅನುಮಾನಿಸಿದರು. ಮಕ್ಕಳು ಶಾಲೆಯ ಬಾಗಿಲಲ್ಲಿ ಕಾಯುತ್ತಿದ್ದವು. ಕೊನೆಗೆ ಅವರು ಮೂರು ಹೆಜ್ಜೆ ದಾಟಿದರು.

ಹಿರಿಯರು ಬರಲಿಲ್ಲ. ಸರದಿಯಕ್ಕ ಆ ನೆಲದ ಅಂಚಿನಲ್ಲೇ ನಿಂತಿದ್ದಳು. ಒಂದು ಹೆಜ್ಜೆ ಒಳಗಿಟ್ಟರೆ ಸಾಕಿತ್ತು. ಅವಳ ಬಲಗಾಲು ತಾನಾಗಿಯೇ ಎದ್ದಿತು, ಅವಳು ಅದನ್ನು ಕೆಳಗಿಟ್ಟಳು. ಎಡಗಾಲು ಎದ್ದಿತು, ಅದನ್ನೂ ಕೆಳಗಿಟ್ಟಳು. ಹೊರಗೆ ಗಾಳಿ ಬಂದು ಎದುರಿಗೆ ನಿಂತಿತು. ಮೂಸಿ ನೋಡಿತು. ಆಮೇಲೆ ಅವಳ ಸೆರಗನ್ನು ಒಂದು ಕಡೆಗೆ ಸರಿಸಿ, ಪರಿಚಯದವರ ಮನೆಗೆ ಬಂದ ಹಾಗೆ ಒಳಗೆ ಬಂತು.

ಅದು ಹಿರಿಯರ ಮನೆಯ ಮುಂದೆ ಹಾದುಹೋಯಿತು. ಅವರ ಬಾವಿಯ ಕಡೆ ತಿರುಗಿಯೂ ನೋಡಲಿಲ್ಲ. ಅಗಸಗಿತ್ತಿಯ ಓಣಿಗೆ ಹೊರಳಿತು. ಭತ್ತ ಸುರಿದಂಥ ಸದ್ದು ಊರಿಗೆಲ್ಲ ಕೇಳಿಸಿತು.

ಸರದಿಯಕ್ಕ ಓಡಿದಳು. ಅವಳು ತಲುಪುವ ಹೊತ್ತಿಗೆ ಅಗಸಗಿತ್ತಿಯ ಬಾವಿ ಕಟ್ಟೆಯ ತನಕ ಮರಳಾಗಿತ್ತು. ರಾಟೆಯ ಹಗ್ಗ ಮರಳಿನೊಳಗೆ ಇಳಿದು ಬಿಗಿಯಾಗಿ ನಿಂತಿತ್ತು. ಅಗಸಗಿತ್ತಿ ಎರಡೂ ಕೈಯಿಂದ ಆ ಹಗ್ಗ ಎಳೆಯುತ್ತಿದ್ದಳು. ಬಳೆಯ ಒಂದು ಟೊಂಗೆಯನ್ನೂ ಎಂದೂ ಮುರಿಯದವಳು. ಒಗೆಯುವ ಕಲ್ಲಿನ ಸುತ್ತ ಊರಿನ ಬಟ್ಟೆಯೆಲ್ಲ ಗಂಟುಗಂಟಾಗಿ ಬಿದ್ದಿತ್ತು.

"ಯಾರು ಬಿಟ್ಟಿದ್ದು ಜಾಗ?" ಅಂತ ಕೇಳಿದಳು.

"ನಾನು ಬಿಡಿಸಿದೆ."

ಅಗಸಗಿತ್ತಿ ಹತ್ತಿರ ಬಂದು ಅವಳ ಕೆನ್ನೆಗೆ ಹೊಡೆದಳು. ಮತ್ತೊಂದು ಹೊಡೆಯಲು ಎತ್ತಿದ ಕೈ ನಡುವೆಯೇ ಇಳಿಯಿತು. "ಬುದ್ಧಿ ಕಲಿಸೋಕೆ ನಿಂಗೆ ನನ್ನ ಬಾವಿನೇ ಸಿಕ್ತಾ?"

"ಯಾರ ಬಾವಿ ಅಂತ ನಂಗೂ ಗೊತ್ತಿರ್ಲಿಲ್ಲ."

"ಗೊತ್ತಿಲ್ಲದೆ ಬಿಟ್ಟೆ. ಅಂದ್ರೆ ನನ್ನದಾದ್ರೂ ಪರವಾಗಿಲ್ಲ ಅಂತ ತಾನೇ ಬಿಟ್ಟಿದ್ದು?"

ಸರದಿಯಕ್ಕ ಅಲ್ಲಿಂದ ನೇರ ಹಿರಿಯರ ಮರದ ಜಾಗಕ್ಕೆ ಹೋಗಿ, ತಾನೇ ಮೂರು ಹೆಜ್ಜೆಯ ಒಳಗೆ ಕೂತಳು. ಗಾಳಿ ಮತ್ತೆ ಬರಬಾರದಲ್ಲ. ಅವಳಿಗೆ ಅಳು ಬರಲಿಲ್ಲ. ನೆಲ ಸುಡುತ್ತಿತ್ತು. ಆ ಗೇಣುದ್ದದ ಸಸಿಗೆ ಹಿಂದಿನವರ ಕಾಲು ತಗುಲಿ ಒಂದು ಕೊಂಬೆ ಮುರಿದಿದ್ದು ಅವಳಿಗೆ ಈಗ ಕಾಣಿಸಿತು. ಮಾಡಿದ್ದು ತಪ್ಪೋ ಸರಿಯೋ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಸರಿಯೇ ಇದ್ದೀತು, ಆದರೆ ಅದರ ಪೆಟ್ಟು ತಾಗಬಾರದವಳಿಗೆ ತಾಗಿತ್ತು. ಆ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಸುಮ್ಮನೆ ಕೂರುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಮುಂದಿನದನ್ನು ಮಾಡಿದವಳು ಅಗಸಗಿತ್ತಿ. ಅವಳು ಸರದಿಯಕ್ಕನನ್ನು ಕ್ಷಮಿಸಿರಲಿಲ್ಲ. ಆದರೆ ಸಿಟ್ಟನ್ನು ಎಲ್ಲಿಗೆ ಒಯ್ಯಬೇಕೋ ಅಲ್ಲಿಗೆ ಒಯ್ಯುವ ತಿಳಿವಳಿಕೆ ಅವಳಿಗಿತ್ತು. ಮರುದಿನ ಬೆಳಗ್ಗೆ ಊರಿನ ಒಗೆಯದ ಬಟ್ಟೆಯನ್ನೆಲ್ಲ ಕತ್ತೆಯ ಮೇಲೆ ಹೇರಿಕೊಂಡು ಹಿರಿಯರ ಮನೆಗೆ ಹೋದಳು. ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ತೂಗುಮಂಚದ ಮೇಲೆ ರಾಶಿ ಹಾಕಿದಳು. ಹಿರಿಯರ ಪಂಚೆ, ಬಡಗಿಯ ಅಂಗಿ, ಕಾರ್ಯದರ್ಶಿಯ ಶಾಲು, ತೊಟ್ಟಿಲ ಬಟ್ಟೆ, ಸೂತಕದ ಬಟ್ಟೆ, ಎಲ್ಲವೂ ಒಂದರ ಮೇಲೊಂದು. ಮಂಚ ತೂಗುವುದನ್ನು ನಿಲ್ಲಿಸಿತು.

"ಏನೇ ಇದು?" ಎಂದು ಹಿರಿಯರು ಎದ್ದು ನಿಂತರು.

"ಈ ಮಂಚದ ಮರದ ಕಂಡೀಲಿ ಬಂದ ಗಾಳಿ ನನ್ನ ಬಾವಿ ಮುಚ್ಚಿದೆ ಯಜಮಾನ್ರೇ. ಊರಿನ ಕೊಳೆ ಒಗೆಯೋಕೆ ನಂಗೆ ನೀರಿಲ್ಲ. ಅದಕ್ಕೇ ಕೊಳೆ ಯಾರದೋ ಅವರ ಮನೆಗೆ ತಂದಿದೀನಿ."

ಬಟ್ಟೆ ಹುಡುಕಿಕೊಂಡು ಜನ ಹಿರಿಯರ ಅಂಗಳಕ್ಕೆ ಬಂದರು. ತಂತಮ್ಮ ಬಟ್ಟೆ ಹೆಕ್ಕಿಕೊಳ್ಳುತ್ತ, ಹಿರಿಯರ ಮುಖವನ್ನೊಮ್ಮೆ ಮಂಚವನ್ನೊಮ್ಮೆ ನೋಡಿದರು. ಅದನ್ನು ಹಿರಿಯರಿಗೆ ಸಹಿಸಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರು ಕೊಡೆ ಹಿಡಿದು ಬಳೆಯ ಕಡೆ ನಡೆದು ಬಂದರು.

ಸರದಿಯಕ್ಕ ಎದ್ದು ನಿಂತಳು. "ನಾನು ಬಿಟ್ಟೆ," ಅಂದಳು.

ಹಿರಿಯರು ಸಿಟ್ಟಿನಿಂದ ಮುಖ ತಿರುಗಿಸಿ, "ನಾನು ನಿಂತೆ" ಅಂದರು.

ಮೊದಲ ದಿನ ಅವರು ಗಾಳಿಯನ್ನು ಬೈದರು, ಎರಡನೆಯ ದಿನ ಅಗಸಗಿತ್ತಿಯನ್ನು, ಮೂರನೆಯ ದಿನ ಸರದಿಯಕ್ಕನನ್ನು. ನಾಲ್ಕನೆಯ ದಿನ ಅವರ ಕಣ್ಣು ಸಸಿಯ ಮೇಲೆ ಬಿತ್ತು. "ಎಂಟು ವರ್ಷದಿಂದ ಏನು ಮಾಡ್ತಿದ್ದೆಯೋ ಸೋಮಾರಿ?" ಎಂದು ಅದನ್ನು ಕೇಳಿದರು. ಐದನೆಯ ದಿನ ಮನೆಯಿಂದ ಗೊಬ್ಬರ ತರಿಸಿದರು.

ಸರದಿಯಕ್ಕ ಅಗಸಗಿತ್ತಿಯ ಬಾವಿಗಿಳಿದು ಮರಳು ಎತ್ತತೊಡಗಿದಳು. ಮೊದಲೆರಡು ದಿನ ಒಬ್ಬಳೇ. ಮೂರನೆಯ ದಿನ ಮೇಷ್ಟ್ರು ಬಂದು ಬುಟ್ಟಿ ಹಿಡಿದರು, ಆಮೇಲೆ ಸಂಘದವರು ಒಬ್ಬೊಬ್ಬರಾಗಿ ಬಂದರು. ಒಂದು ತಿಂಗಳಿಗೆ ತಳ ಒದ್ದೆಯಾಯಿತು. ನೀರು ಹಿಂದಿನಷ್ಟು ಬರಲಿಲ್ಲ, ಇಂದಿಗೂ ಬಂದಿಲ್ಲ. ಅಗಸಗಿತ್ತಿ ಮರಳು ತೆಗೆದವರಿಗೆಲ್ಲ ಗಂಜಿ ಕೊಟ್ಟಳು. ಸರದಿಯಕ್ಕನಿಗೂ ಕೊಟ್ಟಳು, ಮಾತಾಡಲಿಲ್ಲ.

ಸಂಘ ಎರಡಾಯಿತು. ಕಾರ್ಯದರ್ಶಿ ಹನ್ನೊಂದು ಜನರನ್ನು ಕರೆದುಕೊಂಡು ಹೋಗಿ ಬೇರೆ ಸಂಘ ಕಟ್ಟಿದ, ಈಗಲೂ ಅವರು ಮೂರು ಜಾಗದಲ್ಲಿ ಬೇರೆಯವರ ಬದಲು ಸರದಿಯ ಮೇಲೆ ನಿಲ್ಲುತ್ತಾರೆ. ಪಡುವಣದ ಮರಗಳ ಬುಡಕ್ಕೆ ಬಡಗಿ ಕೊಡಲಿ ತಂದ ದಿನ, "ಯಾರು ನಿಲ್ತೀರಿ?" ಎಂದು ಕೇಳಿದ. ಕಾರ್ಯದರ್ಶಿ ಮುಂದೆ ಬಂದ, ಅವನ ಜನ ಆ ಮೂರು ಜಾಗಕ್ಕೇ ಮುಗಿದಿದ್ದರು, ಇನ್ನಾರೂ ಬರಲಿಲ್ಲ. ಬಡಗಿ ಕೊಡಲಿ ಹೆಗಲಿಗೇರಿಸಿ ಹೊರಟುಹೋದ. ಸುಣ್ಣದ ಗುರುತು ಮೊದಲ ಮಳೆಗೆ ತೊಳೆದುಹೋಯಿತು.

ಉಳಿದ ಸಂಘಕ್ಕೆ ಬೇರೆ ಕೆಲಸ. ಕಡಿದವರನ್ನು ಮನೆಯಿಂದ ಕರೆತರುವುದು, ನಿಂತವರಿಗೆ ನೀರು, ಊಟ, ಮಾತು ಒಯ್ಯುವುದು. ಸತ್ತವರ ಮರ, ಕಾಯಿಲೆಯವರ ಮರ ಇದ್ದಲ್ಲಿ ಮಾತ್ರ ತಾವು ನಿಲ್ಲುವುದು. ಹಾಗೆ ನಿಂತರೆ ಒಬ್ಬರೇ ಕೊನೆಯ ತನಕ. ಬಹಳ ಜನ ಬೈದುಕೊಂಡೇ ಬಂದರು. ಕೆಲವರನ್ನು ಇನ್ನೂ ಕರೆಯುತ್ತಲೇ ಇದ್ದಾರೆ.

ಒಂದು ಮಳೆಗಾಲ ಕಳೆಯಿತು. ಹಿರಿಯರ ಗಡ್ಡ ಬೆಳೆದಿತ್ತು. ತುಂಬಿದ ಬಸುರಿ ಮಗಳು ದಿನವೂ ಅವರಿಗೆ ಬುತ್ತಿ ತರುತ್ತಿದ್ದಳು. ಒಂದು ದಿನ ಬುತ್ತಿ ತಂದದ್ದು ಮನೆಯ ಆಳು. "ಅಮ್ಮಾವ್ರಿಗೆ ಹೆಣ್ಣುಮಗು" ಎಂದು ಹೇಳಿ ಹೋದ.

ಸರದಿಯಕ್ಕ ನೀರು ತಂದಾಗ ಹಿರಿಯರು ನೆಲದ ಅಂಚಿಗೆ ಬಂದು ನಿಂತಿದ್ದರು. ಕಣ್ಣು ಕೆಂಪಾಗಿತ್ತು.

"ತಾಯಿ, ಒಂದೇ ಒಂದು ಗಳಿಗೆ. ಇಲ್ಲಿ ನಿಲ್ತೀಯಾ? ಮೊಮ್ಮಗಳ ಮುಖ ನೋಡ್ಕೊಂಡು ಓಡಿ ಬಂದ್ಬಿಡ್ತೀನಿ."

ಅವಳ ಕಾಲು ಎದ್ದಿತು. ಯಾರ ಕಾಲು ತಾನೇ ಏಳುವುದಿಲ್ಲ? ಒಂದು ಗಳಿಗೆಯಲ್ಲಿ ಏನು ಹೋದೀತು? ಅಜ್ಜಿಯ ಬದಲು ನಿಂತ ದಿನವೂ ಹೀಗೇ ಅನ್ನಿಸಿತ್ತು. ಅವಳು ಕಾಲನ್ನು ಕೆಳಗಿಟ್ಟಳು.

"ಆಗಲ್ಲ ಹಿರಿಯರೇ."

ಹಿರಿಯರು ಹೋಗಿ ಬೆನ್ನು ಹಾಕಿ ಕೂತರು. ಅವಳು ಅಲ್ಲಿಂದ ಓಡುನಡಿಗೆಯಲ್ಲಿ ಅವರ ಮನೆಗೆ ಹೋದಳು. ಸೂಲಗಿತ್ತಿ ಬಾಗಿಲಲ್ಲೇ ತಡೆದಳು. "ಹನ್ನೊಂದು ದಿನ ಆಗದೆ ಮಗೂನ ಹೊಸಲು ದಾಟಿಸೋ ಹಾಗಿಲ್ಲ." ಒಳಗಿನಿಂದ ಬಾಣಂತಿಯ ದನಿ ಕೇಳಿಸಿತು: "ಹನ್ನೊಂದನೇ ದಿನ ನಾನೇ ಬರ್ತೀನಿ ಅಂತ ಅಪ್ಪಂಗೆ ಹೇಳಿ."

ಹೇಳಿದಳು. ಹಿರಿಯರು ತಿರುಗಲಿಲ್ಲ. ಹತ್ತು ದಿನ ಅವಳು ನೀರು ಇಟ್ಟಳು, ಹತ್ತು ದಿನವೂ ಅವರು ಅವಳು ಹೋದ ಮೇಲೆಯೇ ಕೊಡ ಮುಟ್ಟಿದರು. ಅವಳು ಅವರ ಆ ಮುನಿಸನ್ನು ಹೊತ್ತುಕೊಂಡೇ ಉಳಿದ ಜಾಗಗಳಿಗೆ ನಡೆದಳು.

ಹನ್ನೊಂದನೆಯ ದಿನ ಬೆಳಗ್ಗೆ, ತಲೆಗೆ ಬಟ್ಟೆ ಕಟ್ಟಿದ ಬಾಣಂತಿ ಸರದಿಯಕ್ಕನ ತೋಳು ಹಿಡಿದು ನಿಧಾನ ನಡೆದು ಬಂದಳು. ಹಿರಿಯರು ನೆಲದ ಅಂಚಿನಿಂದ ಎರಡೂ ಕೈ ಚಾಚಿದರು. ಕಾಲು ಮಾತ್ರ ಅಂಚು ದಾಟಲಿಲ್ಲ. ಮಗುವನ್ನು ಇಸಿದುಕೊಂಡು ಕೂತರು. ಬಹಳ ಹೊತ್ತು ಮುಖ ನೋಡಿದರು. ಆಮೇಲೆ ಏನನ್ನಿಸಿತೋ, ಮಗುವನ್ನು ಸಸಿಯ ಪಕ್ಕಕ್ಕೆ ಮೆಲ್ಲಗೆ ನೆಟ್ಟಗೆ ಹಿಡಿದರು. ಎರಡರ ತಲೆಯೂ ಒಂದೇ ಮಟ್ಟದಲ್ಲಿತ್ತು.

"ನೋಡೇ," ಅಂದರು ಮಗಳಿಗೆ. "ಕೂದಲೆಳೆ ವ್ಯತ್ಯಾಸ ಇಲ್ಲ."

ಅಷ್ಟರಲ್ಲಿ ಹೊರಗೆ ಗಾಳಿ ಬಂದು ನಿಂತು, ಮರಗಳ ನಡುವೆ ಒಮ್ಮೆ ಜೋರಾಗಿ ಉಸಿರು ಬಿಟ್ಟಿತು. ಮಗು ಬೆಚ್ಚಿ ಅತ್ತಿತು. ಬಾಣಂತಿ ಗಾಬರಿಯಿಂದ ಮುಂದೆ ಬಗ್ಗಿ, "ಅಪ್ಪಾ, ಗಾಳಿ!" ಅಂದಳು.

ಹಿರಿಯರು ಮಗುವಿಗೂ ಸಸಿಗೂ ಅಡ್ಡವಾಗಿ ಹೊರಗಿನ ಕಡೆಗೆ ಬೆನ್ನು ಕೊಟ್ಟು ಕೂತರು.

"ಬರಲ್ಲ ಬಿಡು," ಅಂದರು. "ನಾನಿದ್ದೀನಲ್ಲ."